ಕಲಿತದ್ದಕ್ಕೆ ಕಟ್ಟುವ ಬೆಲೆ

ಆಕಾಶವಾಣಿಯಲ್ಲಿ ಮಾತನಾಡುವವನಿಗೆ ಒಂದು ಹಳೆಯ ಕಷ್ಟವಿದೆ. ಕೇಳುವವರ ಮುಖ ಅವನಿಗೆ ಕಾಣುವುದಿಲ್ಲ. ಬಿತ್ತನೆಯ ಕಾಲಕ್ಕೆ ಬೀಜೋಪಚಾರದ ವಿಷಯವಾಗಿ ಭಾಷಣ ಪ್ರಸಾರವಾದರೆ ವಾರದೊಳಗೆ ಹತ್ತಾರು ಕಾಗದಗಳು ಬರುತ್ತಿದ್ದವು. ಕಾರ್ಯಕ್ರಮ ಚೆನ್ನಾಗಿತ್ತು ಎಂದು ಕೇಳುಗರು ದೊಡ್ಡ ಮನಸ್ಸಿನಿಂದ ಬರೆಯುತ್ತಿದ್ದರು. ಕಾಗದಗಳನ್ನು ಎಣಿಸಬಹುದಾಗಿತ್ತು. ಆದರೆ ಅವುಗಳನ್ನು ಬರೆದವರಲ್ಲಿ ಬೀಜಕ್ಕೆ ಔಷಧಿ ಬೆರೆಸಿ ಬಿತ್ತಿದವರೆಷ್ಟು ಮಂದಿ, ಅದರಿಂದ ಅವರ ಕಣಕ್ಕೆ ಹೆಚ್ಚು ಬಂದದ್ದೆಷ್ಟು ಎಂಬುದು ಎಣಿಕೆಗೆ ಸಿಕ್ಕುತ್ತಿರಲಿಲ್ಲ.

ಇಂದು ಇದೇ ಕಷ್ಟ ಕಚೇರಿ ಕಾರ್ಖಾನೆಗಳನ್ನು ಹೊಕ್ಕಿದೆ. ದುಡಿಯುವವರಿಗೆ ಪಾಠವನ್ನು ಮೊಬೈಲ್ ಫೋನಿನ ಮೂಲಕ ಕಳುಹಿಸುವ ಪದ್ಧತಿ ಎಲ್ಲೆಡೆ ಬೇರೂರಿದೆ. ಶಿಕ್ಷಕರಿಗೆ 2017ರಲ್ಲಿ ಆರಂಭವಾದ 'ದೀಕ್ಷಾ' ಇದೆ. ಕೇಂದ್ರ ಸರ್ಕಾರ 2020ರಲ್ಲಿ ಒಪ್ಪಿಗೆಯಿತ್ತ ಕರ್ಮಯೋಗಿ ಯೋಜನೆಯಡಿ ಸರ್ಕಾರಿ ನೌಕರರಿಗೂ ಅಂಥದೇ ಜಾಲತಾಣ ಬಂದಿದೆ. ಮೈಸೂರಿನ ದೊಡ್ಡ ಕಂಪನಿಗಳ ಮಾತು ಹೇಳಬೇಕಾಗಿಯೇ ಇಲ್ಲ. ಇಷ್ಟೆಲ್ಲ ವೆಚ್ಚ ಮಾಡಿದ ಮೇಲೆ ಒಂದು ಪ್ರಶ್ನೆ ಏಳುವುದು ಸಹಜ: ಇದರಿಂದ ಸಂಸ್ಥೆಗೆ ಬಂದ ಲಾಭವೇನು? ಉತ್ತರವಾಗಿ ಸಾಮಾನ್ಯವಾಗಿ ಬರುವುದು ಇಷ್ಟೇ: ಇಂತಿಷ್ಟು ಮಂದಿ ಪಾಠ ಮುಗಿಸಿದ್ದಾರೆ, ಇಂತಿಷ್ಟು ಪ್ರಮಾಣಪತ್ರಗಳನ್ನು ಕೊಡಲಾಗಿದೆ. ಅದು ಬಂದ ಕಾಗದಗಳ ಲೆಕ್ಕವೇ ಹೊರತು ಬಿತ್ತನೆಯ ಲೆಕ್ಕವಲ್ಲ.

ಅಮೆರಿಕದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಎಂಬವರು 1959ರಲ್ಲಿ ಈ ವಿಷಯವಾಗಿ ಲೇಖನಮಾಲೆಯೊಂದನ್ನು ಬರೆಯತೊಡಗಿದರು. ಅವರು ಸೂಚಿಸಿದ ಮೆಟ್ಟಿಲುಗಳು ನಾಲ್ಕು. ಪಾಠ ಹಿಡಿಸಿತೆ, ವಿಷಯ ತಿಳಿಯಿತೆ, ಕೆಲಸ ಮಾಡುವ ರೀತಿ ಬದಲಾಯಿತೆ, ಆ ಬದಲಾವಣೆಯಿಂದ ಸಂಸ್ಥೆಗೆ ಫಲ ಸಿಕ್ಕಿತೆ. ಮೊದಲೆರಡನ್ನು ಯಂತ್ರವೇ ಅಳೆದುಕೊಡುತ್ತದೆ; ಆದಕಾರಣ ಅಳೆಯುವವರು ಅಲ್ಲಿಯೇ ಕುಳಿತುಬಿಡುತ್ತಾರೆ. ಮೇಲಿನೆರಡಕ್ಕೆ ಏರಬೇಕಾದರೆ ಫೋನನ್ನು ಕೆಳಗಿಟ್ಟು ಕೆಲಸ ನಡೆಯುವ ಜಾಗಕ್ಕೆ ಹೋಗಬೇಕು.

ಹಾಗೆ ಹೋಗಿ ನೋಡಲು ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳೇ ಸಾಕು. ಹುಣಸೂರು, ಪಿರಿಯಾಪಟ್ಟಣಗಳ ಕಡೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳಿವೆ. ಒಲೆಗೆ ಸೌದೆಯನ್ನು ಯಾವಾಗ, ಎಷ್ಟು ಒಡ್ಡಬೇಕೆಂಬುದು ಅನುಭವದ ವಿದ್ಯೆ. ಅದನ್ನು ಫೋನಿನಲ್ಲಿ ಕಲಿಸಿದರೆ, ಕಲಿತದ್ದಕ್ಕೆ ಸಾಕ್ಷಿ ಪ್ರಶ್ನೋತ್ತರದ ಅಂಕವಲ್ಲ. ಒಂದು ಕಿಲೋ ಹದವಾದ ಸೊಪ್ಪಿಗೆ ಉರಿದ ಸೌದೆ ಎಷ್ಟು ಕಿಲೋ ಎಂಬುದು. ತಕ್ಕಡಿ ಹೇಗೂ ಅಲ್ಲಿಯೇ ಇರುತ್ತದೆ.

ಹಾಲಿನ ಸಂಘಗಳಲ್ಲಿ ಇದು ಇನ್ನೂ ಸ್ಪಷ್ಟ. ಬೆಳಗ್ಗೆ ಸಂಜೆ ಹಾಲು ಅಳೆದು, ಅದರ ಜಿಡ್ಡನ್ನೂ ಜಿಡ್ಡಲ್ಲದ ಘನಾಂಶವನ್ನೂ ಪರೀಕ್ಷಿಸಿ, ಅದರ ಮೇಲೆ ಬೆಲೆ ನಿರ್ಧರಿಸುತ್ತಾರೆ. ಅದೇ ಹಾಲನ್ನು ಒಕ್ಕೂಟದವರು ತಮ್ಮಲ್ಲಿ ಮತ್ತೆ ಪರೀಕ್ಷಿಸುತ್ತಾರೆ. ಎರಡು ಪರೀಕ್ಷೆಗಳ ನಡುವಿನ ಅಂತರ ಸಂಘದ ಲಾಭಕ್ಕೋ ನಷ್ಟಕ್ಕೋ ಬೀಳುತ್ತದೆ. ಯಂತ್ರವನ್ನು ಶುಚಿಯಾಗಿಡುವುದು, ದಿನವೂ ಅದರ ಅಳತೆ ಸರಿನೋಡುವುದು, ಹಾಲನ್ನು ಚೆನ್ನಾಗಿ ಕಲಕಿ ಮಾದರಿ ತೆಗೆಯುವುದು — ಇವನ್ನು ಪರೀಕ್ಷಕರಿಗೆ ಹೇಳಿಕೊಟ್ಟ ಮೇಲೆ ಆ ಅಂತರ ಕಿರಿದಾಯಿತೆ ಎಂದು ನೋಡಿದರೆ ಆಯಿತು. ಇದಕ್ಕಾಗಿ ಹೊಸ ಲೆಕ್ಕಪುಸ್ತಕ ಬೇಕಿಲ್ಲ. ಆದರೆ ಯಾವ ಅಂಕಿಯನ್ನು ನೋಡಬೇಕೆಂಬುದನ್ನು ಪಾಠಕ್ಕೆ ಮೊದಲೇ ಗೊತ್ತುಮಾಡಿಕೊಂಡಿರಬೇಕು. ಪಾಠ ಮುಗಿದ ಮೇಲೆ ಹುಡುಕಹೊರಟರೆ ಎಲ್ಲೋ ಒಂದು ಕಡೆ ಏರಿದ ಅಂಕಿ ಸಿಕ್ಕೇ ಸಿಕ್ಕುತ್ತದೆ!

ಇನ್ನು ಬಸ್ಸಿನ ಡಿಪೋ. ಈ ನಾಲ್ಕು ಊರುಗಳಲ್ಲೂ ರಸ್ತೆ ಸಾರಿಗೆ ಸಂಸ್ಥೆಯ ಡಿಪೋಗಳಿವೆ. ಲೀಟರ್ ಡೀಸೆಲ್ಲಿಗೆ ಬಸ್ಸು ಎಷ್ಟು ಕಿಲೋಮೀಟರ್ ಓಡಿತು ಎಂಬ ಲೆಕ್ಕವನ್ನು ಚಾಲಕವಾರು ಇಡುತ್ತಾರೆ; ಅವರ ಬಾಯಲ್ಲಿ ಅದು ಕೆ.ಎಂ.ಪಿ.ಎಲ್. ದಿನಕ್ಕೆ 300 ಕಿಲೋಮೀಟರ್ ಓಡುವ ಬಸ್ಸು ಲೀಟರಿಗೆ 5 ಕಿಲೋಮೀಟರ್ ಕೊಡುತ್ತಿದೆ ಎಂದಿಟ್ಟುಕೊಳ್ಳೋಣ. 60 ಲೀಟರ್ ಬೇಕು. ಇಂಧನ ಉಳಿಸುವ ಚಾಲನೆಯ ಪಾಠ ಕಲಿತು ಅದು 5.2ಕ್ಕೆ ಏರಿದರೆ ಸುಮಾರು 57.7 ಲೀಟರ್ ಸಾಕು. ಲೀಟರಿಗೆ 90 ರೂಪಾಯಿ ಹಿಡಿದರೆ ದಿನಕ್ಕೆ ಇನ್ನೂರು ರೂಪಾಯಿಯ ಮೇಲೆ ಉಳಿತಾಯ. ಪಾಠಕ್ಕೆ ಹಿಡಿದ ನಾಲ್ಕು ಗಂಟೆಯ ಸಂಬಳ, ಪಾಠ ತಯಾರಿಸಿದ ವೆಚ್ಚದಲ್ಲಿ ತಲಾ ಪಾಲು, ಎರಡೂ ಕೂಡಿ ಒಂದು ಸಾವಿರವೇ ಆಗಲಿ. ಒಂದು ವಾರದೊಳಗೆ ತೀರಿಹೋಗುತ್ತದೆ.

ಲೆಕ್ಕ ಇಷ್ಟು ಸಲೀಸಾಗಿ ಬಂದಾಗಲೇ ನಾವು ಎಚ್ಚರವಾಗಿರಬೇಕು. ಬಸ್ಸಿಗೆ ಹೊಸ ಎಂಜಿನ್ ಬಂದಿರಬಹುದು. ಚಾಲಕರನ್ನು ಕಾಡಿನೊಳಗಿನ ಉಬ್ಬುಗಳ ರಸ್ತೆಯಿಂದ ತೆಗೆದು ಮಡಿಕೇರಿಯ ಹೆದ್ದಾರಿಗೆ ಹಾಕಿರಬಹುದು. ತದ್ವಿರುದ್ಧವಾದದ್ದೂ ಉಂಟು. 2023ರ ಜೂನ್ 11ರಂದು ಹೆಂಗಸರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಜಾರಿಗೆ ಬಂತು, ಬಸ್ಸುಗಳು ತುಂಬಿದವು. ಭಾರ ಹೆಚ್ಚಿ, ನಿಲುಗಡೆಗಳಲ್ಲಿ ಹತ್ತಿಳಿಯುವವರು ಹೆಚ್ಚಿದರೆ ಡೀಸೆಲ್ಲು ಹೆಚ್ಚು ಬೇಕಾಗುವುದು ಸಹಜ. ಆ ವರ್ಷದ ಮೇ ತಿಂಗಳಲ್ಲಿ ಪಾಠ ಕಲಿಸಿ, ಜುಲೈ ತಿಂಗಳ ಅಂಕಿಯನ್ನು ಅದರ ಪಕ್ಕಕ್ಕಿಟ್ಟು ನೋಡಿದವನು ಪಾಠ ವ್ಯರ್ಥವೆಂದು ಬರೆದುಬಿಟ್ಟಾನು. ಚಾಲಕನು ಕಲಿತದ್ದೂ ನಿಜವಾಗಿರಬಹುದು, ಅಂಕಿ ಇಳಿದದ್ದೂ ನಿಜವಾಗಿರಬಹುದು.

ಇದಕ್ಕೆ ಪರಿಹಾರ ಕಲಿಯದೆ ಇದ್ದವರನ್ನೂ ಜೊತೆಗೆ ನೋಡುವುದು. ಈ ಉಪಾಯ ನಮ್ಮ ನಾಡಿಗೆ ಹೊಸದಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ಕಾಲ ಉಪಗ್ರಹದ ಮೂಲಕ ಟೆಲಿವಿಷನ್ ಪಾಠದ ಪ್ರಯೋಗ ನಡೆದಾಗ, ಕರ್ನಾಟಕದ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿ ಸೇರಿದ್ದವು. ಶಾಲಾ ಉಪಾಧ್ಯಾಯರಿಗೂ ಪಾಠವಿತ್ತು. ಅಂದು ಪರಿಣಾಮವನ್ನು ಅಳೆದವರು ಟೆಲಿವಿಷನ್ ಬಂದ ಹಳ್ಳಿಗಳ ಜೊತೆಗೆ ಬಾರದ ಹಳ್ಳಿಗಳನ್ನೂ ಸಮೀಕ್ಷೆಗೆ ಸೇರಿಸಿಕೊಂಡರು. ಅರ್ಧ ಶತಮಾನದ ಬಳಿಕ, ಎಷ್ಟೋ ಹೆಚ್ಚಿನ ಸಲಕರಣೆ ಕೈಯಲ್ಲಿರುವಾಗ, ಅಷ್ಟು ಶ್ರಮವನ್ನೂ ವಹಿಸದಿರುವುದು ಸೋಜಿಗವೇ ಸರಿ.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಇದನ್ನು ಮಾಡುವುದು ಸುಲಭ. ಎಲ್ಲರಿಗೂ ಒಂದೇ ದಿನ ಪಾಠ ಕಳುಹಿಸಬಾರದು. ಪ್ರತಿಯೊಂದು ಡಿಪೋದಲ್ಲೂ ಅರ್ಧ ಮಂದಿ ಚಾಲಕರಿಗೆ ಈ ತಿಂಗಳು, ಉಳಿದವರಿಗೆ ಮೂರು ತಿಂಗಳ ಬಳಿಕ ಕಲಿಸಿದರೆ ಸರಿ. ಯಾರು ಮೊದಲು ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಬೇಕು. ಬಯಸಿ ಬಂದವರಿಗೇ ಮೊದಲು ಕಲಿಸಿದರೆ ಅವರು ಮೊದಲಿನಿಂದಲೂ ಜಾಣರಿರಬಹುದು. ಮಳೆ, ಜಾತ್ರೆ, ಜನಸಂದಣಿ ಇಬ್ಬರಿಗೂ ಒಂದೇ. ಆ ಮೂರು ತಿಂಗಳಲ್ಲಿ ಎರಡು ಗುಂಪುಗಳ ನಡುವೆ ಕಂಡ ವ್ಯತ್ಯಾಸವನ್ನು ಮಾತ್ರ ಪಾಠದ ಖಾತೆಗೆ ಜಮೆ ಮಾಡಬಹುದು. ಅದು ಅಧಿಕಾರಿ ಬಯಸಿದಷ್ಟು ದೊಡ್ಡದಾಗಿ ಇರಲಾರದು.

ಎಲ್ಲ ಕೆಲಸದ ಫಲವನ್ನೂ ರೂಪಾಯಿಗೆ ಇಳಿಸಬರುವುದಿಲ್ಲ ಎಂಬುದನ್ನು ಹೇಳದೆ ವಿಧಿಯಿಲ್ಲ. ಹೆಗ್ಗಡದೇವನಕೋಟೆಯ ಕಾಡಂಚಿನ ಹಾಡಿಯ ಅಂಗನವಾಡಿ ಕಾರ್ಯಕರ್ತೆಯರನ್ನು ತೆಗೆದುಕೊಳ್ಳಿ. 2021ರಿಂದ ಮಕ್ಕಳ ತೂಕ ಎತ್ತರಗಳನ್ನು ಅವರು ಪೋಷಣ್ ಟ್ರ್ಯಾಕರ್ ಎಂಬ ಫೋನಿನ ದಾಖಲೆಯಲ್ಲಿ ತುಂಬಬೇಕಾಗಿದೆ. ತೂಕ ಸರಿಯಾಗಿ ನೋಡುವುದನ್ನು ಕಲಿಸಿದ ಪಾಠದ ಫಲವೆಂದರೆ ಸೊರಗುತ್ತಿರುವ ಮಗು ಒಂದು ತಿಂಗಳು ಮೊದಲೇ ಕಣ್ಣಿಗೆ ಬೀಳುವುದು. ಅದನ್ನು ಅಳೆಯಬಹುದು: ಮೇಲ್ವಿಚಾರಕಿಯರು ಅದೇ ಮಗುವನ್ನು ಅದೇ ದಿನ ಮತ್ತೆ ತೂಗಿದಾಗ ಎರಡು ಅಂಕಿಗಳೂ ಹೊಂದುತ್ತವೆಯೆ ಎಂದು ನೋಡಬಹುದು. ಬೆಲೆ ಕಟ್ಟುವ ಅಗತ್ಯ ಅಲ್ಲಿಲ್ಲ.

ಬೆಲೆ ಕಟ್ಟಬೇಕಾದದ್ದು ಇನ್ನೊಂದು ಕಡೆ. ಅವರಿಗೆ ಸಿಗುವುದು ಸಂಬಳವಲ್ಲ, ಗೌರವಧನ. ಹಗಲೆಲ್ಲ ಮಕ್ಕಳು, ಅಡುಗೆ, ಮನೆಮನೆಯ ಭೇಟಿ. ಪಾಠ ಕೇಳಲು ಉಳಿಯುವುದು ರಾತ್ರಿ. ಕಾಡಂಚಿನಲ್ಲಿ ಸಿಗ್ನಲ್ ಸರಿಯಾಗಿ ಸಿಕ್ಕದೆ ಅರ್ಧ ಗಂಟೆಯ ಪಾಠಕ್ಕೆ ಒಂದೂವರೆ ಗಂಟೆ ಹಿಡಿಯಿತೆನ್ನಿ. ಪಾಠದ ವರದಿಯಲ್ಲಿ ಅರ್ಧ ಗಂಟೆ ಎಂದೇ ಇರುತ್ತದೆ. ಖರ್ಚಿನ ಕಲಮಿನಲ್ಲಿ ಅದೂ ಇರುವುದಿಲ್ಲ. ಡಿಪೋದ ಲೆಕ್ಕದಲ್ಲಿ ಚಾಲಕರ ನಾಲ್ಕು ಗಂಟೆಗೆ ಸಂಬಳ ಹಿಡಿದೆವಲ್ಲ, ಅದೇ ನ್ಯಾಯದಿಂದ ಈ ಒಂದೂವರೆ ಗಂಟೆಯನ್ನೂ ಖರ್ಚಿನ ಪಟ್ಟಿಯ ಮೊದಲ ಸಾಲಿನಲ್ಲಿ ಬರೆದು, ಆಮೇಲೆ ಕೂಡಿ ಕಳೆಯಬೇಕು.