ಅದೇ ಪ್ರಶ್ನೆ ಎರಡನೇ ಸಲ ಕೇಳಿದರೆ ಮಗು ಉತ್ತರ ಬದಲಿಸುತ್ತೆ, ಯಾಕೆ?

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಮನೆಯಲ್ಲಿ ನಾಲ್ಕೈದು ವರ್ಷದ ಮಗು ಇದ್ದರೆ, ಮುಂದೆ ಕೇಳೋಕೆ ಮುಂಚೆ ಒಂದು ಕೆಲಸ ಮಾಡಿ. ಹನ್ನೆರಡು ನಾಣ್ಯ ತಗೊಳ್ಳಿ. ಆರು ನಾಣ್ಯದ್ದು ಒಂದು ಸಾಲು, ಅದರ ಕೆಳಗೆ ಎದುರುಬದುರಾಗಿ ಇನ್ನೊಂದು ಸಾಲು. "ಎರಡರಲ್ಲೂ ಒಂದೇ ಸಮ ಇದೆಯಾ, ಇಲ್ಲಾ ಒಂದರಲ್ಲಿ ಜಾಸ್ತಿ ಇದೆಯಾ?" ಅಂತ ಕೇಳಿ. ಸಮ ಅನ್ನುತ್ತೆ ಮಗು. ಈಗ ಅದರ ಕಣ್ಣೆದುರಿಗೇ ಕೆಳಗಿನ ಸಾಲಿನ ನಾಣ್ಯಗಳನ್ನ ದೂರ ದೂರ ಸರಿಸಿ. ಒಂದನ್ನೂ ಸೇರಿಸಬೇಡಿ, ತೆಗೀಬೇಡಿ. ಮತ್ತೆ ಅದೇ ಪ್ರಶ್ನೆ ಕೇಳಿ. ಬಹಳಷ್ಟು ಮಕ್ಕಳು ಉದ್ದದ ಸಾಲು ತೋರಿಸಿ "ಇದರಲ್ಲಿ ಜಾಸ್ತಿ" ಅಂತಾರೆ.

ಇದು ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ಅವರ ಪ್ರಯೋಗ. ಟಿಇಟಿಗೆ ಓದಿದವರಿಗೆ ಈ ಹೆಸರು ಕೇಳಿದ ಕೂಡಲೇ ನಾಲ್ಕು ಹಂತ ಬಾಯಿಗೆ ಬಂದುಬಿಡುತ್ತೆ. ಹುಟ್ಟಿನಿಂದ ಎರಡು ವರ್ಷ, ಎರಡರಿಂದ ಏಳು, ಏಳರಿಂದ ಹನ್ನೊಂದು, ಆಮೇಲೆ ಕೊನೆಯದು. ಆ ಪಟ್ಟಿ ಯಾವ ಗೈಡಲ್ಲಾದರೂ ಸಿಗುತ್ತೆ, ನಾನಿಲ್ಲಿ ಓದಲ್ಲ. ಅದು ಹುಟ್ಟಿದ ರೀತಿ ಹೆಚ್ಚು ಸ್ವಾರಸ್ಯವಾಗಿದೆ.

1920ರ ಸುಮಾರಿಗೆ ಪಿಯಾಜೆ ಪ್ಯಾರಿಸ್‌ನಲ್ಲಿ ಮಕ್ಕಳ ಬುದ್ಧಿಮತ್ತೆ ಪರೀಕ್ಷೆಗಳ ಕೆಲಸದಲ್ಲಿದ್ದರು. ಪ್ರಶ್ನೆ ಕೇಳೋದು, ಸರಿ-ತಪ್ಪು ಗುರುತು ಹಾಕೋದು, ಅಂಕ ಕೂಡೋದು. ಅಂಕಕ್ಕಿಂತ ಹೆಚ್ಚಾಗಿ ಇವರ ಗಮನ ಸೆಳೆದಿದ್ದು ತಪ್ಪು ಉತ್ತರಗಳು. ಒಂದೇ ವಯಸ್ಸಿನ ಮಕ್ಕಳು ಒಂದೇ ಥರ ತಪ್ಪು ಮಾಡ್ತಿದ್ದರು. ಅಂದ್ರೆ ಬಾಯಿಗೆ ಬಂದಿದ್ದು ಹೇಳ್ತಿಲ್ಲ, ತಪ್ಪಿನ ಹಿಂದೆಯೂ ಒಂದು ಯೋಚನೆ ಇದೆ. ನಾನು ಬಿ.ಕಾಂ ಓದಿದವನು, ನಮ್ಮ ಭಾಷೆಯಲ್ಲಿ ಹೇಳ್ತೀನಿ: ಎಲ್ಲರೂ ಕೊನೆಯ ಟೋಟಲ್ ನೋಡ್ತಿದ್ದಾಗ ಇವರು ಒಂದೊಂದೇ ವೋಚರ್ ತೆಗೆದು ನೋಡಿದರು.

ಮಗು ಖಾಲಿ ಕೊಡ ಅಲ್ಲ, ನಾವು ಸುರಿದಿದ್ದು ತುಂಬಿಕೊಳ್ಳಲ್ಲ. ಮುಟ್ಟಿ, ಬೀಳಿಸಿ, ಕಿತ್ತು ತನ್ನ ತಿಳಿವಳಿಕೆಯನ್ನ ತಾನೇ ಕಟ್ಟಿಕೊಳ್ಳುತ್ತೆ ಅನ್ನೋದು ಪಿಯಾಜೆ ಕೊಟ್ಟ ದೊಡ್ಡ ವಿಚಾರ. ಅಮೆರಿಕದಲ್ಲಿ ಸ್ಕಿನ್ನರ್ ಮತ್ತು ಅವರ ಕಡೆಯವರು ಬೇರೆ ದಾರಿ ಹಿಡಿದಿದ್ದರು. ಸರಿ ಮಾಡಿದಾಗ ಬಹುಮಾನ ಕೊಡಿ, ಆ ನಡವಳಿಕೆ ಗಟ್ಟಿಯಾಗುತ್ತೆ ಅನ್ನೋ ದಾರಿ. ಹೋಂವರ್ಕ್ ಬುಕ್‌ನಲ್ಲಿ ಸ್ಟಾರ್ ಅಂಟಿಸೋ ಪದ್ಧತಿ ಆ ಕಡೆಯ ನೆಂಟಸ್ತಿಕೆಯದ್ದು.

ಒಂದು ತೊಂದರೆ ಆಯ್ತು. ಪಿಯಾಜೆಯ ಹಂತಗಳು ಜನರ ಕೈಯಲ್ಲಿ ಅಳತೆಪಟ್ಟಿ ಆಗಿಬಿಟ್ಟವು. ಏಳು ವರ್ಷದೊಳಗಿನ ಮಗುವಿಗೆ ಇದು ಆಗಲ್ಲ, ಅದು ಆಗಲ್ಲ. ಆಗಲ್ಲ ಅನ್ನೋ ಮಾತು ಒಮ್ಮೆ ಶಾಲೆಯೊಳಗೆ ಹೋದರೆ ಹೊರಗೆ ಬರೋದು ಕಷ್ಟ.

ಈಗ ಸ್ಕಾಟ್ಲೆಂಡಿನ ಎಡಿನ್‌ಬರೋಗೆ ಬನ್ನಿ. 1974ರಲ್ಲಿ ಜೇಮ್ಸ್ ಮೆಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಇದೇ ಸಾಲಿನ ಪ್ರಯೋಗವನ್ನ ನಾಲ್ಕರಿಂದ ಆರು ವರ್ಷದ 80 ಮಕ್ಕಳ ಮೇಲೆ ಮಾಡಿದರು. ಪಿಯಾಜೆ ರೀತಿಯಲ್ಲಿ ದೊಡ್ಡವರೇ ಸಾಲನ್ನ ಸರಿಸಿದಾಗ "ಈಗಲೂ ಸಮ" ಅಂದವರು 13 ಮಕ್ಕಳು. ಆಮೇಲೆ ಒಂದು ತುಂಟ ಟೆಡ್ಡಿ ಕರಡಿ ತಂದರು. ಅದು ಡಬ್ಬಿಯಿಂದ ನುಗ್ಗಿ ಬಂದು ಸಾಲನ್ನ ಕೆಡಿಸುತ್ತೆ, ಆಟ ಹಾಳು ಮಾಡುತ್ತೆ. ಈಗ ಅದೇ ಪ್ರಶ್ನೆ. ಸರಿ ಉತ್ತರ ಕೊಟ್ಟವರು 50 ಮಕ್ಕಳು!

ವಸ್ತುಗಳು ಅವೇ, ಪ್ರಶ್ನೆ ಅದೇ, ಮಕ್ಕಳ ತಲೆಯೂ ಅದೇ. ಬದಲಾಗಿದ್ದು ಸಾಲು ಕೆಡಿಸಿದವರು ಯಾರು ಅನ್ನೋದಷ್ಟೇ. ಮಗುವಿನ ಜಾಗದಲ್ಲಿ ಕೂತು ನೋಡಿ. ದೊಡ್ಡವರೊಬ್ಬರು ಪ್ರಶ್ನೆ ಕೇಳ್ತಾರೆ, ನೀವು ಉತ್ತರ ಹೇಳ್ತೀರಿ. ಅವರು ಬೇಕು ಅಂತಲೇ ಏನೋ ಬದಲಿಸಿ ಮತ್ತೆ ಅದನ್ನೇ ಕೇಳ್ತಾರೆ. ಏನರ್ಥ? ಮೊದಲನೇ ಉತ್ತರ ಈಗ ನಡೆಯಲ್ಲ ಅಂತ ತಾನೆ? ಕ್ಲಾಸಲ್ಲಿ ಮೇಷ್ಟ್ರು ಹುಬ್ಬೇರಿಸಿ "ಹೌದಾ?" ಅಂದರೆ ಸರಿ ಉತ್ತರ ಹೇಳಿದವರೂ ಬದಲಿಸಿಬಿಡ್ತಿದ್ದದ್ದು ನೆನಪಿದೆಯಲ್ಲ? ಅದೇ ಇದು. 1974ರಲ್ಲೇ ಸೂಸನ್ ರೋಸ್ ಮತ್ತು ಮೇರಿಯನ್ ಬ್ಲ್ಯಾಂಕ್ ಮೊದಲ ಪ್ರಶ್ನೆಯನ್ನೇ ಬಿಟ್ಟು, ಸಾಲು ಬದಲಿಸಿದ ಮೇಲೆ ಒಂದೇ ಸಲ ಕೇಳಿ ನೋಡಿದರು. ಆಗಲೂ ತಪ್ಪು ಕಡಿಮೆಯಾಯ್ತು. ಮಗು ಲೆಕ್ಕವನ್ನಷ್ಟೇ ಅಲ್ಲ, ಕೇಳೋರ ಮುಖವನ್ನೂ ಓದ್ತಿರುತ್ತೆ.

ಮಕ್ಕಳು ಟೆಡ್ಡಿ ನೋಡ್ತಾ ಸಾಲನ್ನೇ ಸರಿಯಾಗಿ ಗಮನಿಸಿಲ್ಲ ಅನ್ನೋ ಆಕ್ಷೇಪವೂ ಬಂತು, ಅದರಲ್ಲಿ ಹುರುಳಿದೆ. ಪಿಯಾಜೆ ಪೂರ್ತಿ ಬಿದ್ದುಹೋದರು ಅಂತ ನಾನು ಹೇಳ್ತಿಲ್ಲ. ಮಗು ಕಟ್ಟಿಕೊಂಡು ಕಲಿಯುತ್ತೆ ಅನ್ನೋದು ಇವತ್ತಿಗೂ ನಿಂತಿದೆ. ಅಲುಗಾಡಿದ್ದು "ಈ ವಯಸ್ಸಿಗೆ ಇದು ಆಗಲ್ಲ" ಅನ್ನೋ ಗೆರೆ.

ಇಲ್ಲಿ ರಷ್ಯಾದ ಲೆವ್ ವೈಗೋಟ್‌ಸ್ಕಿ ಬರ್ತಾರೆ. ಪಿಯಾಜೆ ಹುಟ್ಟಿದ 1896ರಲ್ಲೇ ಹುಟ್ಟಿದವರು. ಪಿಯಾಜೆ 84 ವರ್ಷ ಬದುಕಿದರು, ಇವರು 37ಕ್ಕೇ ಕ್ಷಯದಿಂದ ಹೋದರು. ಇವರ ಪುಸ್ತಕಕ್ಕೆ ಸೋವಿಯತ್ ದೇಶದಲ್ಲೇ ಸುಮಾರು ಇಪ್ಪತ್ತು ವರ್ಷ ತಡೆ ಇತ್ತು, ಇಂಗ್ಲಿಷಿಗೆ ಬಂದದ್ದು 1962ರಲ್ಲಿ. ಇವರು ಕೊಡೋ ಉದಾಹರಣೆ ಸರಳ. ಇಬ್ಬರು ಮಕ್ಕಳು, ಪರೀಕ್ಷೆಯಲ್ಲಿ ಇಬ್ಬರದ್ದೂ ಎಂಟು ವರ್ಷದ ಮಟ್ಟ. ಚೂರು ಸುಳಿವು ಕೊಟ್ಟು, ಮೊದಲ ಮೆಟ್ಟಿಲು ತೋರಿಸಿ ಮತ್ತೆ ಕೊಟ್ಟರೆ, ಒಬ್ಬ ಒಂಬತ್ತು ವರ್ಷದವರ ಲೆಕ್ಕ ಮಾಡ್ತಾನೆ, ಇನ್ನೊಬ್ಬ ಹನ್ನೆರಡು ವರ್ಷದವರದ್ದು. ಇವರಿಬ್ಬರೂ ಒಂದೇನಾ? ಒಂಟಿಯಾಗಿ ಮಾಡಬಲ್ಲದ್ದಕ್ಕೂ ಜೊತೆಗೊಬ್ಬರಿದ್ದರೆ ಮಾಡಬಲ್ಲದ್ದಕ್ಕೂ ನಡುವಿನ ಆ ಜಾಗಕ್ಕೆ ಝೋನ್ ಆಫ್ ಪ್ರಾಕ್ಸಿಮಲ್ ಡೆವಲಪ್‌ಮೆಂಟ್ ಅಂತ ಹೆಸರು. ಬಾಯಿ ತುಂಬೋ ಹೆಸರು ಬಿಡಿ, ಸೈಕಲ್ ಕಲಿಸುವಾಗ ಹಿಂದಿನ ಸೀಟು ಹಿಡಿದು ಓಡಿದವರಿಗೆಲ್ಲ ಆ ಜಾಗ ಗೊತ್ತು.

ಹಾಗಾದರೆ ಪರೀಕ್ಷೆಯ ಕೋಣೆ ಬಿಟ್ಟು ಮಕ್ಕಳು ನಿಜಕ್ಕೂ ಲೆಕ್ಕ ಮಾಡೋ ಜಾಗಕ್ಕೇ ಹೋದರೆ?

1985ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹಾಗೇ ಮಾಡಿತು. ಬ್ರೆಜಿಲ್‌ನ ರೆಸಿಫೆ ನಗರದಲ್ಲಿ ಟೆರೆಜಿನ್ಹಾ ಕರಾಹೆರ್, ಡೇವಿಡ್ ಕರಾಹೆರ್ ಮತ್ತು ಅನಾಲೂಸಿಯಾ ಶ್ಲೀಮನ್ ಬೀದಿಯಲ್ಲಿ ವ್ಯಾಪಾರ ಮಾಡೋ ಮಕ್ಕಳ ಹತ್ತಿರ ಗಿರಾಕಿಗಳಾಗಿ ಹೋದರು. ತೆಂಗಿನಕಾಯಿ ಒಂದಕ್ಕೆ 35 ಕ್ರುಜೇರೊ, ಹತ್ತಕ್ಕೆ ಎಷ್ಟು? ಶಾಲೆಯಲ್ಲಿ ಓದಿದ ನಾವು 35ರ ಮುಂದೆ ಸೊನ್ನೆ ಹಾಕ್ತೀವಿ. ಹನ್ನೆರಡು ವರ್ಷದ ಆ ಹುಡುಗ ಹಾಗೆ ಮಾಡಲಿಲ್ಲ. ಮೂರಕ್ಕೆ 105, ಇನ್ನು ಮೂರು ಸೇರಿದರೆ 210, ಮತ್ತೆ ಮೂರಕ್ಕೆ 315, ಉಳಿದ ಒಂದು ಸೇರಿಸಿ 350. ಬೀದಿಯಲ್ಲಿ ಹೀಗೆ ಕೇಳಿದ ಪ್ರಶ್ನೆಗಳಲ್ಲಿ ಶೇಕಡ 98ಕ್ಕೆ ಸರಿ ಉತ್ತರ ಬಂತು. ಆಮೇಲೆ ಅದೇ ಮಕ್ಕಳಿಗೆ ಅಂಥದ್ದೇ ಲೆಕ್ಕಗಳನ್ನ ಕಥೆ ರೂಪದಲ್ಲಿ ಕೊಟ್ಟಾಗ ಶೇಕಡ 74, ಬರೀ ಅಂಕಿ ಮತ್ತು ಗುಣಿಸು-ಭಾಗಿಸು ಚಿಹ್ನೆಯಲ್ಲಿ ಕೊಟ್ಟಾಗ ಶೇಕಡ 37. ಆದರೆ ಮಕ್ಕಳಿದ್ದದ್ದು ಐದೇ ಜನ. ಅಷ್ಟರ ಮೇಲೆ ದೊಡ್ಡ ಮಾತು ಹೇಳೋಕಾಗಲ್ಲ.

ದೊಡ್ಡ ಲೆಕ್ಕ ಬಂದದ್ದು ನಮ್ಮ ದೇಶದಿಂದಲೇ. ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ, ಹಸುಗೂಸುಗಳ ಮನಸ್ಸಿನ ಬಗ್ಗೆ ದಶಕಗಳಿಂದ ಕೆಲಸ ಮಾಡಿರೋ ಎಲಿಜಬೆತ್ ಸ್ಪೆಲ್ಕಿ ಮತ್ತವರ ಜೊತೆಗಾರರು ಕೋಲ್ಕತ್ತಾ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ಕೆಲಸ ಮಾಡೋ 1,436 ಮಕ್ಕಳನ್ನ ಮಾತಾಡಿಸಿದರು. ಇದು 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಇಲ್ಲೂ ಗಿರಾಕಿ ವೇಷವೇ, ಪ್ರಶ್ನೆ ಮಾತ್ರ ಗಟ್ಟಿ. ಕೆಜಿಗೆ 20 ರೂಪಾಯಿಯ ಆಲೂಗಡ್ಡೆ 800 ಗ್ರಾಂ, ಕೆಜಿಗೆ 15 ರೂಪಾಯಿಯ ಈರುಳ್ಳಿ 1 ಕೆಜಿ 400 ಗ್ರಾಂ, ಕೈಗೆ 200ರ ನೋಟು. ಚಿಲ್ಲರೆ ಎಷ್ಟು? 16, 21, ಒಟ್ಟು 37, ವಾಪಸ್ 163. ಹೆಚ್ಚುಕಡಿಮೆ ಎಲ್ಲ ಮಕ್ಕಳೂ ಇಂಥದ್ದನ್ನ ಬಾಯಲ್ಲೇ ಹೇಳಿದರು. ಅದೇ ಮಕ್ಕಳಿಗೆ ಶಾಲೆಯ ರೀತಿಯ ಲೆಕ್ಕ ಕೊಟ್ಟರೆ, ಇದಕ್ಕಿಂತ ಸುಲಭದ್ದೂ ಬರಲಿಲ್ಲ. ಬಾಯಿಪಾಠವೋ, ಪಕ್ಕದವರ ಸಹಾಯವೋ ಅಂತಲೂ ಪರೀಕ್ಷಿಸಿದರು. ಅಲ್ಲ.

ಇಲ್ಲಿಗೇ ನಿಲ್ಲಿಸಿದ್ದರೆ "ಶಾಲೆ ವೇಸ್ಟು, ಸಂತೆಯೇ ವಿಶ್ವವಿದ್ಯಾಲಯ" ಅಂತ ವಾಟ್ಸಾಪ್ ಫಾರ್ವರ್ಡ್ ಆಗ್ತಿತ್ತು. ಅವರು ನಿಲ್ಲಿಸಲಿಲ್ಲ. ಹತ್ತಿರದ ಶಾಲೆಗಳಲ್ಲಿ ಓದೋ, ವ್ಯಾಪಾರ ಮಾಡದ 471 ಮಕ್ಕಳನ್ನೂ ಕೇಳಿದರು. ಇವರು ಸರಳವಾದ ಪುಸ್ತಕದ ಲೆಕ್ಕದಲ್ಲಿ ಮುಂದಿದ್ದರು. ಆದರೆ ಮಾರುಕಟ್ಟೆಯ ಮಕ್ಕಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಜನ ಬಿಡಿಸಿದ ಒಂದು ವ್ಯಾಪಾರದ ಲೆಕ್ಕ ಇವರಲ್ಲಿ ಶೇಕಡ 1ರಷ್ಟು ಮಂದಿಗೆ ಮಾತ್ರ ಬಂತು. ನನಗೆ ಹೆಚ್ಚು ಕಾಡಿದ್ದು ಈ ಶೇಕಡ 1. ಸಂತೆಯ ಲೆಕ್ಕ ಶಾಲೆಗೆ ಹೋಗ್ತಿಲ್ಲ, ಶಾಲೆಯ ಲೆಕ್ಕ ಸಂತೆಗೆ ಬರ್ತಿಲ್ಲ. ಎರಡೂ ಕಡೆ ಮಕ್ಕಳು ದಡ್ಡರಲ್ಲ, ನಡುವೆ ಸೇತುವೆ ಇಲ್ಲ.

ಮಕ್ಕಳು ಅಂಗಡಿಯಲ್ಲಿ ದುಡಿಯೋದು ಒಳ್ಳೇದು ಅನ್ನೋ ಅರ್ಥ ಇದಕ್ಕಿಲ್ಲ. 163 ರೂಪಾಯಿ ಚಿಲ್ಲರೆ ಥಟ್ಟಂತ ಕೊಡೋ ಹುಡುಗಿ ಪುಸ್ತಕದ ಭಾಗಾಕಾರ ಬರಲ್ಲ ಅಂತ ಫೇಲಾಗಿ ಶಾಲೆ ಬಿಟ್ಟರೆ, ಆ ಲೆಕ್ಕ ಅವಳನ್ನ ತರಕಾರಿ ರಾಶಿ ಮುಂದೆಯೇ ಕೂರಿಸುತ್ತೆ. ಮುಂದಿನ ಗಣಿತಕ್ಕೆ, ನೌಕರಿಗೆ ಶಾಲೆಯ ಬರಹವೇ ಬೇಕು.

ನಮ್ಮ ಸರ್ಕಾರಿ ಶಾಲೆಗಳಲ್ಲಿ ನಡೆಯೋ ಮಕ್ಕಳ ಸಂತೆ ನೋಡಿರ್ತೀರಿ. ಮಕ್ಕಳೇ ಸೊಪ್ಪು, ನಿಂಬೆಹಣ್ಣು, ಮಂಡಕ್ಕಿ ತಂದು ಮಾರ್ತಾರೆ. ಒಳ್ಳೇ ಯೋಚನೆ. ಆದರೆ ಹೆಚ್ಚಿನ ಕಡೆ ಅದು ಫೋಟೊ, ಅತಿಥಿಗಳ ಭಾಷಣ, ಮಾರನೇ ದಿನ ಮತ್ತೆ ಪುಸ್ತಕದ ಪುಟ 42. ಸಂತೆಯಲ್ಲಿ ಮಗು ಚಿಲ್ಲರೆ ಕೊಟ್ಟಿದ್ದು ಹೇಗೆ ಅಂತ ಮಾರನೇ ದಿನ ಬೋರ್ಡ್ ಮೇಲೆ ಬರೆಸಿ, ಪಕ್ಕದಲ್ಲೇ ಪುಸ್ತಕದ ಕಳೆಯುವ ಕ್ರಮ ಬರೆದರೆ ಸೇತುವೆಯ ಕೆಲಸ ಅಲ್ಲೇ ಶುರು. ಹಾಗೆ ಮಾಡೋ ಮೇಷ್ಟ್ರುಗಳೂ ಇದ್ದಾರೆ, ಅವರಿಗೆ ನಮಸ್ಕಾರ.

ಕೊನೆಗೆ ಕೇಳುಗರ ಪ್ರಶ್ನೆ. ತುಮಕೂರು ಕಡೆಯ ತಾಯಿಯೊಬ್ಬರು ವಾಯ್ಸ್ ನೋಟ್ ಕಳಿಸಿದ್ದಾರೆ. ಮಗ ಮೂರನೇ ಕ್ಲಾಸು, ಲೆಕ್ಕದಲ್ಲಿ ವೀಕ್ ಅಂತ ಮಿಸ್ ಹೇಳಿದ್ದಾರೆ, ಟ್ಯೂಷನ್‌ಗೆ ಹಾಕೋದಾ ಅಂತ. ಅಕ್ಕ, ನಾನು ಮೇಷ್ಟ್ರಲ್ಲ, ನಿಮ್ಮ ಮಗನನ್ನ ನೋಡಿಲ್ಲ. ಟ್ಯೂಷನ್ ಫೀಸ್ ಕಟ್ಟೋಕೆ ಮುಂಚೆ ಒಂದು ವಾರ ಹೀಗೆ ಮಾಡಿ. ಅವನು ತಪ್ಪು ಮಾಡಿದ ಒಂದು ಲೆಕ್ಕ ತಗೊಳ್ಳಿ. "ಇದು ತಪ್ಪು" ಅನ್ನಬೇಡಿ. "ಹೇಗೆ ಮಾಡಿದೆ, ನಂಗೂ ಹೇಳಿಕೊಡು" ಅನ್ನಿ. ಸರಿ ಮಾಡಿದ ಲೆಕ್ಕಕ್ಕೂ ಅದನ್ನೇ ಕೇಳಿ, ಇಲ್ಲದಿದ್ದರೆ ‘ಹೇಗೆ’ ಅಂದರೆ ‘ತಪ್ಪು’ ಅಂತಲೇ ಅವನು ತಿಳ್ಕೊಳ್ತಾನೆ. ಆಮೇಲೆ ಅದೇ ಅಂಕಿಗಳನ್ನ ಅಂಗಡಿಗೆ ಕಳಿಸೋವಾಗ ಕೇಳಿ. ಅಲ್ಲಿ ಬಂದು ಕಾಗದದ ಮೇಲೆ ಬರದಿದ್ದರೆ ಅವನಿಗೆ ಬೇಕಿರೋದು ಚಿಹ್ನೆಗಳ ಪರಿಚಯ. ಎರಡೂ ಕಡೆ ಬರದಿದ್ದರೆ ಬೆರಳು, ಹುಣಸೆಬೀಜದಿಂದ ಶುರು ಮಾಡಬೇಕು. ಏನು ಸಿಕ್ಕಿತು ಅನ್ನೋದನ್ನ ಒಂದು ಚೀಟಿಯಲ್ಲಿ ಬರೆದು ಮಿಸ್‌ಗೆ ತೋರಿಸಿ. ಟ್ಯೂಷನ್‌ಗೆ ಹಾಕಿದರೂ ಅಲ್ಲಿಯವರಿಗೆ ಕೊಡೋಕೆ ಆ ಚೀಟಿ ಇರುತ್ತೆ.