ಗೋಧಿಯ ಎಲೆ, ಖನಿಜ ಲವಣ ಮತ್ತು ಬೂದಿರೋಗ

ಚೆಂಬೂರಿಗೆ ಹೊಂದಿದ ಟ್ರಾಂಬೆಯ ಗೊಬ್ಬರ ಕಾರ್ಖಾನೆಯಲ್ಲಿ ತಯಾರಾಗುವ ‘ಸುಫಲಾ’ ಚೀಲದ ಮೇಲೆ 15:15:15 ಎಂಬ ಅಂಕಿಗಳಿರುತ್ತವೆ. ಮೊದಲನೆಯದು ಸಾರಜನಕ, ಎರಡನೆಯದು ರಂಜಕ, ಮೂರನೆಯದು ಪೊಟ್ಯಾಷ್. ಪೈರಿನ ಇಳುವರಿ ಇವನ್ನು ಅವಲಂಬಿಸಿದೆಯೆಂಬುದು ಸರ್ವವಿದಿತ. ಅದರ ಎಲೆ ರೋಗಕ್ಕೆ ಎಷ್ಟರಮಟ್ಟಿಗೆ ತುತ್ತಾದೀತೆಂಬುದೂ ಇವನ್ನೇ ಬಹುಮಟ್ಟಿಗೆ ಅವಲಂಬಿಸಿದೆಯೆಂಬುದು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಗೋಧಿಯ ಬೂದಿರೋಗ ಇದಕ್ಕೊಂದು ಒಳ್ಳೆಯ ನಿದರ್ಶನ.

ಈ ರೋಗಕ್ಕೆ ತಂಪು ಬೇಕು. 15ರಿಂದ 20 ಡಿಗ್ರಿ ಸೆಲ್ಸಿಯಸ್ ಅದಕ್ಕೆ ಹಿತ. ಆದುದರಿಂದಲೇ ಧಾರವಾಡದ ಬಯಲಿನ ಗೋಧಿಯನ್ನು ಕಾಡುವುದು ಹೆಚ್ಚಾಗಿ ತುಕ್ಕುರೋಗ. ನೀಲಗಿರಿಯಲ್ಲಿಯೂ ಹಿಮಾಲಯದ ತಪ್ಪಲಿನಲ್ಲಿಯೂ ಬೂದಿರೋಗದ ಹಾವಳಿ ಹೆಚ್ಚು. ಗಾಳಿಯಲ್ಲಿ ತೇಲಿಬಂದ ಶಿಲೀಂಧ್ರದ ಕಣ ಎಲೆಯ ಮೇಲೆ ಮೊಳೆತು, ಹೊರಪದರದ ಕೋಶಭಿತ್ತಿಯನ್ನು ಕೊರೆದು, ಒಳಗೊಂದು ಹೀರುವ ಅಂಗವನ್ನು ಇಳಿಬಿಡುತ್ತದೆ. ಉಳಿದ ದೇಹವೆಲ್ಲ ಎಲೆಯ ಮೇಲೆಯೇ ಬೂದಿ ಚೆಲ್ಲಿದಂತೆ ಹರಡಿಕೊಳ್ಳುತ್ತದೆ. ಜೀವಂತ ಗಿಡದ ಹೊರತು ಬೇರೆಲ್ಲಿಯೂ ಇದು ಬೆಳೆಯದು. ಆತಿಥೇಯನ ಅಡುಗೆಮನೆಯಲ್ಲಿ ಏನಿದೆಯೋ ಅದೇ ಇದರ ಊಟ.

ಸಾರಜನಕ ಮಿತಿಮೀರಿದಾಗ ಆ ಅಡುಗೆಮನೆ ತುಂಬಿ ತುಳುಕುತ್ತದೆ. ಎಲೆಯ ರಸದಲ್ಲಿ ಅಮೈನೋ ಆಮ್ಲಗಳು ಹೆಚ್ಚುತ್ತವೆ, ಕೋಶಭಿತ್ತಿ ಎಳಸಾಗಿ ಉಳಿಯುತ್ತದೆ, ಪೈರು ದಟ್ಟವಾಗಿ ಬೆಳೆದು ಬುಡದಲ್ಲಿ ಗಾಳಿಯಾಡದೆ ತೇವ ನಿಲ್ಲುತ್ತದೆ. 1913ರಷ್ಟು ಹಿಂದೆಯೇ ಇಂಗ್ಲೆಂಡಿನ ಸ್ಪಿಂಕ್ಸ್ ಎಂಬ ಸಂಶೋಧಕ ಸಾರಜನಕದಿಂದ ರೋಗ ಹೆಚ್ಚುವುದನ್ನೂ ಪೊಟ್ಯಾಷ್ ಲವಣಗಳಿಂದ ತಗ್ಗುವುದನ್ನೂ ತೋರಿಸಿದನು. ಲಿಥಿಯಂ ಲವಣದಿಂದ ಗೋಧಿಗೆ ರೋಗನಿರೋಧ ಬಂದುದು ಅವನ ಪ್ರಯೋಗಗಳ ವಿಚಿತ್ರ ಫಲ. ಆದರೆ ಲಿಥಿಯಂ ಗಿಡಕ್ಕೇ ವಿಷವಾಗಬಲ್ಲುದಾದ್ದರಿಂದ ಅದು ಹೊಲಕ್ಕೆ ಇಳಿಯಲಿಲ್ಲ. 1928ರಲ್ಲಿ ಅಮೆರಿಕದ ಟ್ರಿಲೀಸ್ ದಂಪತಿಗಳು ಇದೇ ಲವಣಪೋಷಣೆಯ ಪ್ರಶ್ನೆಯನ್ನು ಗೋಧಿಯ ಮೇಲೆ ಪುನಃ ಪರೀಕ್ಷಿಸಿದರು.

ಪೊಟ್ಯಾಷ್ ನೇರವಾಗಿ ಶಿಲೀಂಧ್ರವನ್ನು ಕೊಲ್ಲುವುದಿಲ್ಲ. ಎಲೆಯ ಸಕ್ಕರೆ ಮತ್ತು ಅಮೈನೋ ಆಮ್ಲಗಳು ಪಿಷ್ಟವಾಗಿ, ಪ್ರೋಟೀನಾಗಿ ಮಾರ್ಪಡಲು ಅದು ನೆರವಾಗುತ್ತದೆ. ಹೀರುವವನಿಗೆ ಸುಲಭವಾಗಿ ದಕ್ಕುವ ಆಹಾರ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಆದರೆ ಕೊರತೆಯಿದ್ದ ಮಣ್ಣಿನಲ್ಲಿ ಮಾತ್ರ ಈ ಗುಣ ಎದ್ದು ಕಾಣುವುದು. ಸಾಕಷ್ಟಿದ್ದಲ್ಲಿ ಮತ್ತಷ್ಟು ಸುರಿದರೆ ಲಾಭವಿಲ್ಲ.

ಸಿಲಿಕದ ಕಥೆ ಕರಾವಳಿಯವರಿಗೆ ಹತ್ತಿರದ್ದು. ಶಿಲೀಂಧ್ರ ಕೊರೆಯುವ ಜಾಗದಲ್ಲಿ ಅದು ಶೇಖರವಾಗುತ್ತದೆ. ಕೋಶವು ತನ್ನ ರಕ್ಷಕ ದ್ರವ್ಯಗಳನ್ನು ಬೇಗ ತಯಾರಿಸಲೂ ಅದರಿಂದ ಸಹಾಯವಾಗುತ್ತದೆ. ಗೋಧಿಯ ಬೂದಿರೋಗಕ್ಕೂ ಭತ್ತದ ಬೆಂಕಿರೋಗಕ್ಕೂ ಈ ಮಾತು ಒಪ್ಪುತ್ತದೆ. ಭತ್ತದ ಉಮಿಯ ಬೂದಿಯಲ್ಲಿ ಬಹುಭಾಗ ಸಿಲಿಕವೇ; ಕಟ್ಟಿಗೆಯ ಬೂದಿಯಲ್ಲಿ ಪೊಟ್ಯಾಷ್ ಹೇರಳ. ‘ಪೊಟ್ಯಾಷ್’ ಎಂಬ ಹೆಸರೂ ‘ಮಡಕೆಯ ಬೂದಿ’ ಎಂಬರ್ಥದಿಂದಲೇ ಬಂದುದು. ನೇಜಿಯ ಗದ್ದೆಗೆ ಬೂದಿ ಎರಚುತ್ತಿದ್ದ ಹಿರಿಯರಿಗೆ ರಸಾಯನಶಾಸ್ತ್ರ ತಿಳಿಯದಿದ್ದರೂ ಕೈಗೆ ಸಿಕ್ಕ ವಸ್ತು ಸರಿಯಾದುದಾಗಿತ್ತು.

ಇಂದಿನ ತೊಡಕು ಬೆಲೆಯದು. ಭಾರತಕ್ಕೆ ಬೇಕಾದ ಪೊಟ್ಯಾಷ್ ಗೊಬ್ಬರ ಹಡಗಿನಲ್ಲಿ ಪರದೇಶಗಳಿಂದ ಬರಬೇಕು. 2010ರಲ್ಲಿ ರಂಜಕ, ಪೊಟ್ಯಾಷ್‌ಗಳಿಗೆ ಸಹಾಯಧನದ ಹೊಸ ಕ್ರಮ ಬಂದಾಗ ಅವುಗಳ ಬೆಲೆ ಪೇಟೆಯ ಏರಿಳಿತಕ್ಕೆ ಸಿಕ್ಕಿತು. ಯೂರಿಯಾದ ಬೆಲೆ ಮಾತ್ರ ಸರಕಾರದ ಕೈಯಲ್ಲೇ ಉಳಿಯಿತು. 45 ಕಿಲೋ ಯೂರಿಯಾ ಚೀಲಕ್ಕೆ, ತೆರಿಗೆ ಮತ್ತು ಬೇವಿನ ಲೇಪದ ವೆಚ್ಚ ಬಿಟ್ಟರೆ, 242 ರೂಪಾಯಿ ನಿಗದಿಯಾಗಿದೆ. ಬೆಳೆಸಾಲದ ಹಣ ಹಿಡಿದು ಅಂಗಡಿಗೆ ಹೋದ ರೈತ ಅಗ್ಗದ ಚೀಲವನ್ನೇ ಹೊರುವುದು ಸಹಜ. ಯೂರಿಯಾ ಬಿದ್ದ ಕೆಲವೇ ದಿನಗಳಲ್ಲಿ ಹೊಲ ಕಡುಹಸುರಾಗುವುದು ಅವನ ಕಣ್ಣಿಗೆ ಕಾಣುತ್ತದೆ. ಆ ಹಸುರಿನೊಳಗಿನ ರಸದ ವ್ಯತ್ಯಾಸ ಕಾಣುವುದಿಲ್ಲ. ಎಲೆಯ ಮೇಲೆ ಬಿಳಿಯ ಪುಡಿ ಮೂಡಿದ ಮೇಲೆ ಗಂಧಕ ಕೊಳ್ಳಲು ಅವನು ಪುನಃ ಅದೇ ಅಂಗಡಿಗೆ ಬರುತ್ತಾನೆ.