ಧ್ವನಿ, ದೃಶ್ಯ ಹಾಗೂ ಅಂತರ್ಜಾಲ ಕೇಬಲ್‌ಗಳ ಆನ್‌ಲೈನ್ ಖರೀದಿ: ಗ್ರಾಮ ಪಂಚಾಯಿತಿ ಸದಸ್ಯರು ಗಮನಿಸಬೇಕಾದ ಅಂಶಗಳು

ಗ್ರಾಮ ಪಂಚಾಯಿತಿಯ ಸಾಮಾನ್ಯ ಸಭೆಗೆ ಬರುವ ಖರೀದಿ ಪ್ರಸ್ತಾವನೆಗಳಲ್ಲಿ ಗಣಕಯಂತ್ರ, ಪ್ರೊಜೆಕ್ಟರ್, ಮೈಕ್ ಸೆಟ್ ಮತ್ತು ಸಿ.ಸಿ. ಕ್ಯಾಮೆರಾಗಳ ಬಗ್ಗೆ ಸಾಕಷ್ಟು ಚರ್ಚೆ ನಡೆಯುತ್ತದೆ. ಅವುಗಳನ್ನು ಒಂದಕ್ಕೊಂದು ಜೋಡಿಸುವ ಕೇಬಲ್ ಮಾತ್ರ ಪಟ್ಟಿಯ ಕೊನೆಯಲ್ಲಿ ‘ಕೇಬಲ್ ಇತ್ಯಾದಿ’ ಎಂಬ ಒಂದೇ ಸಾಲಿನಲ್ಲಿ ಅನುಮೋದನೆ ಪಡೆಯುತ್ತದೆ. ಆದರೆ ಗ್ರಾಮಸಭೆಯಲ್ಲಿ ಹಿಂದಿನ ಸಾಲಿನವರಿಗೆ ಮಾತು ಕೇಳಿಸದಿರುವುದಕ್ಕೆ, ಜಾಲಸಂಪರ್ಕ ಪದೇ ಪದೇ ಕಡಿದು ಅರ್ಜಿದಾರರು ಬರಿಗೈಯಲ್ಲಿ ಊರಿಗೆ ಮರಳುವುದಕ್ಕೆ ಅನೇಕ ವೇಳೆ ಕಾರಣವಾಗುವುದು ಈ ಒಂದು ಸಾಲೇ. ಆನ್‌ಲೈನ್ ಮಾರುಕಟ್ಟೆಯಲ್ಲಿ ಒಂದೇ ಹೆಸರಿನ ಕೇಬಲ್ ಮೂರು ನಾಲ್ಕು ಬಗೆಯ ದರಗಳಲ್ಲಿ ದೊರೆಯುತ್ತದೆ. ಕಡಿಮೆ ದರದ್ದೆಲ್ಲ ಕಳಪೆಯಲ್ಲ. ಹೆಚ್ಚು ದರದ್ದೆಲ್ಲ ಉತ್ತಮವೂ ಅಲ್ಲ. ಎಲ್ಲಿ ಉಳಿತಾಯ ಸಾಧ್ಯ, ಎಲ್ಲಿ ಸಾಧ್ಯವಿಲ್ಲ ಎಂಬುದನ್ನು ಸದಸ್ಯರು ಅರಿತಿದ್ದರೆ ಪ್ರಸ್ತಾವನೆ ಸಭೆಗೆ ಬಂದಾಗ ಸರಿಯಾದ ಪ್ರಶ್ನೆ ಕೇಳಲು ಅನುಕೂಲವಾಗುತ್ತದೆ.

ಮೊದಲಿಗೆ ಜಾಲ ಕೇಬಲ್, ಅಂದರೆ ಎಲ್ಲರೂ ‘ನೆಟ್ ವೈರ್’ ಅಥವಾ ಲ್ಯಾನ್ ಕೇಬಲ್ ಎನ್ನುವ ತಂತಿ. ಭಾರತ್‌ನೆಟ್ ಯೋಜನೆಯ ಆಪ್ಟಿಕಲ್ ಫೈಬರ್ ಪಂಚಾಯಿತಿ ಕಚೇರಿಯ ಗೋಡೆಯ ಮೇಲಿನ ಪೆಟ್ಟಿಗೆಯವರೆಗೆ ಬರುತ್ತದೆ. ಅಲ್ಲಿಂದ ಪ್ರತಿ ಗಣಕಯಂತ್ರಕ್ಕೆ ಸಾಗುವುದು ತಾಮ್ರದ ಲ್ಯಾನ್ ಕೇಬಲ್. ಇದರಲ್ಲಿ ಜೋಡಿ ಜೋಡಿಯಾಗಿ ಹೊಸೆದ ಎಂಟು ತಂತಿಗಳಿರುತ್ತವೆ. ಕ್ಯಾಟ್ 5ಇ ದರ್ಜೆಯ ಕೇಬಲ್ 100 ಮೀಟರ್ ದೂರದವರೆಗೆ ಸೆಕೆಂಡಿಗೆ 1 ಗಿಗಾಬಿಟ್ ವೇಗವನ್ನು ಹೊರಬಲ್ಲದು. ಪಂಚಾಯಿತಿ ಕಚೇರಿಯ ಇಂದಿನ ಬಳಕೆಗೆ ಇದು ಧಾರಾಳವಾಗಿ ಸಾಕು. ಗೋಡೆಯೊಳಗೆ ಕಾಯಂ ಆಗಿ ಎಳೆಯುವುದಾದರೆ, ಮತ್ತೆ ಗೋಡೆ ಒಡೆಯುವ ಪ್ರಮೇಯ ಬಾರದಿರಲೆಂದು ಕ್ಯಾಟ್ 6 ಆಯ್ದುಕೊಳ್ಳುವುದು ವಿವೇಕ. ಅಗ್ಗದ ದರಕ್ಕೆ ‘ಕ್ಯಾಟ್ 7’, ‘ಕ್ಯಾಟ್ 8’ ಎಂದು ಜಾಹೀರಾತು ಕಂಡರೆ ಹಣ ತೊಡಗಿಸುವ ಅಗತ್ಯವಿಲ್ಲ. ಕ್ಯಾಟ್ 8 ಕೇಬಲ್ 30 ಮೀಟರ್ ಒಳಗಿನ ದತ್ತಾಂಶ ಕೇಂದ್ರಗಳಿಗೆಂದೇ ರೂಪಿಸಿದ್ದು. ಪಂಚಾಯಿತಿಗೆ ಅದರಿಂದ ಆಗುವ ಪ್ರಯೋಜನ ಏನೂ ಇಲ್ಲ.

ದರ್ಜೆಗಿಂತ ದೊಡ್ಡ ಪ್ರಶ್ನೆ ತಂತಿ ಯಾವ ಲೋಹದ್ದು ಎಂಬುದು. ಮಾರುಕಟ್ಟೆಯಲ್ಲಿ ಅತಿ ಅಗ್ಗವಾಗಿ ದೊರೆಯುವ ಲ್ಯಾನ್ ಕೇಬಲ್‌ಗಳಲ್ಲಿ ಬಹುಪಾಲು ‘ಸಿಸಿಎ’ ಬಗೆಯವು. ಒಳಗೆ ಅಲ್ಯೂಮಿನಿಯಂ, ಹೊರಗೆ ತೆಳುವಾದ ತಾಮ್ರದ ಲೇಪ. ನೋಟಕ್ಕೆ ತಾಮ್ರವೇ. ಆದರೆ ಅದರ ವಿದ್ಯುತ್ ರೋಧ ಅಷ್ಟೇ ದಪ್ಪದ ತಾಮ್ರಕ್ಕಿಂತ ಸುಮಾರು ಒಂದೂವರೆ ಪಟ್ಟು. ಪದೇ ಪದೇ ಬಾಗಿಸಿದರೆ ಮುರಿಯುತ್ತದೆ. ಕನೆಕ್ಟರ್ ಕೂರಿಸಿದ ಜಾಗದಲ್ಲಿ ಕಾಲಕ್ರಮೇಣ ಸಂಪರ್ಕ ಸಡಿಲಗೊಳ್ಳುತ್ತದೆ. ಕ್ಯಾಟ್ 5ಇ, ಕ್ಯಾಟ್ 6 ದರ್ಜೆಗಳ ಅಂತರರಾಷ್ಟ್ರೀಯ ಮಾನದಂಡ ತಾಮ್ರದ ತಂತಿಯನ್ನೇ ಕೇಳುತ್ತದೆ. ಆದ್ದರಿಂದ ಸಿಸಿಎ ಕೇಬಲ್ ಮೇಲೆ ‘ಕ್ಯಾಟ್ 6’ ಎಂದು ಮುದ್ರಿಸಿದ್ದರೂ ಅದು ಆ ದರ್ಜೆಯದ್ದಾಗುವುದಿಲ್ಲ. ಅದೇ ಕೇಬಲ್ ಮೂಲಕ ವಿದ್ಯುತ್ತನ್ನೂ ಪಡೆಯುವ ಸಿ.ಸಿ. ಕ್ಯಾಮೆರಾಗಳಿಗೆ ಇದನ್ನು ಬಳಸಿದಲ್ಲಿ ತಂತಿ ಬಿಸಿಯಾಗುತ್ತದೆ, ದೂರದ ಕ್ಯಾಮೆರಾಗೆ ಸಾಕಷ್ಟು ವೋಲ್ಟೇಜ್ ತಲುಪುವುದಿಲ್ಲ. ಹಗಲಿನಲ್ಲಿ ಸರಿಯಾಗಿರುವ ಕ್ಯಾಮೆರಾ ರಾತ್ರಿ ಇನ್‌ಫ್ರಾರೆಡ್ ದೀಪ ಹೊತ್ತಿಕೊಂಡೊಡನೆ ಸ್ಥಗಿತವಾಗುವ ದೂರುಗಳಲ್ಲಿ ಮೊದಲು ಪರೀಕ್ಷಿಸಬೇಕಾದುದು ಇದನ್ನೇ.

ಪರದೆಯ ಮೇಲಿನ ಚಿತ್ರ ನೋಡಿ ಇದನ್ನು ಪತ್ತೆಹಚ್ಚಲಾಗದು. ಲೆಕ್ಕ ಮಾಡಿ ಪತ್ತೆಹಚ್ಚಬಹುದು. ಲ್ಯಾನ್ ಕೇಬಲ್ ಸಾಮಾನ್ಯವಾಗಿ 305 ಮೀಟರ್‌ನ ಪೆಟ್ಟಿಗೆಯಲ್ಲಿ ಬರುತ್ತದೆ. 23 ಗೇಜ್ ತಂತಿಯ ಕ್ಯಾಟ್ 6 ಪೆಟ್ಟಿಗೆಯಲ್ಲಿ ಎಂಟು ತಂತಿಗಳ ತಾಮ್ರದ ತೂಕವೇ 5.5 ಕೆ.ಜಿ. ಮೀರುತ್ತದೆ, 24 ಗೇಜ್ ಆದರೆ ಸುಮಾರು 4.5 ಕೆ.ಜಿ. ಹೊರಕವಚದ ಪ್ಲಾಸ್ಟಿಕ್ ತೂಕ ಬೇರೆ. ಸಿಸಿಎ ಆದಲ್ಲಿ ಅದೇ ದಪ್ಪದ ತಂತಿಗಳ ತೂಕ 2 ಕೆ.ಜಿ. ಆಸುಪಾಸಿನಲ್ಲಿರುತ್ತದೆ. ತಾಮ್ರದ ದರ ಕೆ.ಜಿ.ಗೆ ₹900 ಎಂದಿಟ್ಟುಕೊಂಡರೆ 23 ಗೇಜ್ ಪೆಟ್ಟಿಗೆಯೊಂದರ ತಾಮ್ರಕ್ಕೇ ₹4,950 ಬೇಕು. ಅಂಥ ದಿನ ಯಾರಾದರೂ ಇಡೀ ಪೆಟ್ಟಿಗೆಯನ್ನು ₹3,000ಕ್ಕೆ ಕೊಡುತ್ತೇನೆಂದರೆ ಅದರಲ್ಲಿ ಅಷ್ಟು ತಾಮ್ರ ಇರಲಾರದು. ಖರೀದಿಯ ದಿನದ ತಾಮ್ರದ ದರವನ್ನು ಪತ್ರಿಕೆಯಲ್ಲಿ ನೋಡಿ ಈ ಗುಣಾಕಾರ ಮಾಡಲು ಎರಡು ನಿಮಿಷ ಸಾಕು.

ವಿವರಣೆಯಲ್ಲಿನ ಪದಗಳೂ ದಾರಿ ತಪ್ಪಿಸುತ್ತವೆ. ‘ಸಾಲಿಡ್’ ಎಂದರೆ ಒಂದೇ ಎಳೆಯ ತಂತಿ ಎಂದಷ್ಟೇ ಅರ್ಥ, ಶುದ್ಧ ತಾಮ್ರ ಎಂದಲ್ಲ. ಆದೇಶದಲ್ಲಿ ‘ಸಾಲಿಡ್ ಬೇರ್ ಕಾಪರ್, ಸಿಸಿಎ ಸ್ವೀಕಾರಾರ್ಹವಲ್ಲ’ ಎಂದು ಸ್ಪಷ್ಟವಾಗಿ ನಮೂದಿಸಬೇಕು, ಗೇಜ್ ಸಂಖ್ಯೆಯನ್ನೂ ಬರೆಯಬೇಕು. ಸರಕು ಬಂದ ಮೇಲೆ ತಂತಿಯ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡತಕ್ಕದ್ದು. ಒಳಗೂ ಕೆಂಪು ಬಣ್ಣವಿದ್ದರೆ ತಾಮ್ರ. ಬೆಳ್ಳಗೆ ಹೊಳೆದರೆ ಅಲ್ಯೂಮಿನಿಯಂ.

ಕಚೇರಿಯಿಂದ ಬೇರೆ ಕಟ್ಟಡದಲ್ಲಿರುವ ಅರಿವು ಕೇಂದ್ರಕ್ಕೆ ಸಂಪರ್ಕ ಕೊಡಬೇಕಾದಾಗ ತಾಮ್ರದ ಕೇಬಲ್ ಎಳೆಯುವುದಕ್ಕಿಂತ ಫೈಬರ್ ಹಾಕುವುದು ಲೇಸು. ಸಿಡಿಲಿನ ಸಂದರ್ಭದಲ್ಲಿ ಹೊರಗೆ ಎಳೆದ ತಾಮ್ರದ ತಂತಿ ಎರಡೂ ಕಡೆಯ ಯಂತ್ರಗಳನ್ನು ಸುಡಬಲ್ಲದು. ಗಾಜಿನ ಫೈಬರ್‌ನಲ್ಲಿ ವಿದ್ಯುತ್ ಹರಿಯದು. ಹೊರಾಂಗಣಕ್ಕೆ ತಾಮ್ರವನ್ನೇ ಬಳಸುವುದು ಅನಿವಾರ್ಯವಾದರೆ ಬಿಸಿಲು ತಾಳುವ ಕಪ್ಪು ಕವಚದ ಹೊರಾಂಗಣ ಕೇಬಲ್ ಕೇಳಬೇಕು. ಒಳಾಂಗಣದ ಬೂದು ಬಣ್ಣದ ಕವಚ ಕೆಲವೇ ಬೇಸಿಗೆಗಳಲ್ಲಿ ಬಿರಿಯುತ್ತದೆ.

ಇನ್ನು ದೃಶ್ಯ ಕೇಬಲ್. ಉಳಿತಾಯಕ್ಕೆ ಹೆಚ್ಚು ಅವಕಾಶವಿರುವುದು ಇಲ್ಲಿಯೇ. ಗಣಕಯಂತ್ರದಿಂದ ಟಿ.ವಿ.ಗೆ ಅಥವಾ ಪ್ರೊಜೆಕ್ಟರ್‌ಗೆ ಹೋಗುವ ಎಚ್‌ಡಿಎಂಐ ಕೇಬಲ್ ಅಂಕೀಯ ಸಂಕೇತವನ್ನು ಒಯ್ಯುತ್ತದೆ. ಸಂಕೇತ ತಲುಪಿದರೆ ಚಿತ್ರ ಪೂರ್ಣವಾಗಿ ಬರುತ್ತದೆ. ತಲುಪದಿದ್ದರೆ ಚುಕ್ಕೆಗಳು ಮಿನುಗುತ್ತವೆ ಇಲ್ಲವೇ ಪರದೆ ಕಪ್ಪಾಗುತ್ತದೆ. ಚಿನ್ನದ ಲೇಪದ ದುಬಾರಿ ಕೇಬಲ್‌ನಿಂದ ಬಣ್ಣಗಳು ಹೆಚ್ಚು ಸೊಗಸಾಗುತ್ತವೆ ಎಂಬುದು ಮಾರಾಟಗಾರರ ಮಾತು ಮಾತ್ರ. ಎರಡು ಮೂರು ಮೀಟರ್ ದೂರಕ್ಕೆ ಸಾಧಾರಣ ದರದ ಕೇಬಲ್ ಸಾಕು. ‘2.0’, ‘2.1’ ಎಂಬ ಸಂಖ್ಯೆಗಳ ಬದಲು ‘ಪ್ರೀಮಿಯಂ ಹೈ ಸ್ಪೀಡ್’ ಪ್ರಮಾಣೀಕರಣದ ಚೀಟಿ ಪೆಟ್ಟಿಗೆಯ ಮೇಲಿದೆಯೇ ಎಂದು ನೋಡಬೇಕು. ಮೊಬೈಲಿನಿಂದ ಅದನ್ನು ಸ್ಕ್ಯಾನ್ ಮಾಡಿ ಪರಿಶೀಲಿಸಬಹುದು. ಸಭಾಂಗಣದ ಚಾವಣಿಯ ಪ್ರೊಜೆಕ್ಟರ್‌ನಂತೆ 10 ಮೀಟರ್ ಮೀರಿದ ದೂರಕ್ಕೆ ಸಾಮಾನ್ಯ ತಾಮ್ರದ ಎಚ್‌ಡಿಎಂಐ ಕೇಬಲ್ ನೆಚ್ಚುವಂತಿಲ್ಲ. ಅಲ್ಲಿ ಆಪ್ಟಿಕಲ್ ಎಚ್‌ಡಿಎಂಐ ಕೇಬಲ್ ಬೇಕು. ಅದಕ್ಕೆ ಗಣಕಯಂತ್ರದ ತುದಿ, ಪರದೆಯ ತುದಿ ಎಂಬ ದಿಕ್ಕು ಇರುತ್ತದೆ. ತಿರುವುಮುರುವಾಗಿ ಎಳೆದು ಗಾರೆ ಮಾಡಿದರೆ ಮತ್ತೆ ಗೋಡೆ ಒಡೆಯುವುದೇ ದಾರಿ.

ಧ್ವನಿ ಕೇಬಲ್‌ನಲ್ಲಿ ದಪ್ಪ ಮತ್ತು ದೂರಗಳ ಲೆಕ್ಕವೇ ಮುಖ್ಯ. ಆಂಪ್ಲಿಫೈಯರ್‌ನಿಂದ 50 ಮೀಟರ್ ದೂರದಲ್ಲಿ 8 ಓಮ್‌ನ 30 ವ್ಯಾಟ್ ಹಾರ್ನ್ ಇದೆ ಎಂದುಕೊಂಡರೆ, 0.5 ಚದರ ಮಿ.ಮೀ. ತಂತಿ ಬಳಸಿದಾಗ ಒಟ್ಟು ಶಕ್ತಿಯ ಸುಮಾರು ಶೇ 30 ತಂತಿಯಲ್ಲೇ ಬಿಸಿಯಾಗಿ ಕಳೆದುಹೋಗುತ್ತದೆ. 1.5 ಚದರ ಮಿ.ಮೀ. ತಂತಿಯಲ್ಲಿ ಈ ನಷ್ಟ ಶೇ 13ಕ್ಕೆ ಇಳಿಯುತ್ತದೆ. ಆದರೆ ಹಲವು ಆಂಪ್ಲಿಫೈಯರ್‌ಗಳ ಹಿಂಭಾಗದಲ್ಲಿ ‘100 ವೋಲ್ಟ್ ಲೈನ್’ ಎಂಬ ಜೋಡಣೆಯೂ ಇರುತ್ತದೆ. ಟ್ರಾನ್ಸ್‌ಫಾರ್ಮರ್ ಇರುವ ಹಾರ್ನ್‌ಗಳನ್ನು ಇದಕ್ಕೆ ಜೋಡಿಸಿದರೆ ಅದೇ ತೆಳು ತಂತಿಯಲ್ಲೂ ನಷ್ಟ ಶೇ 1ರಷ್ಟು ಮಾತ್ರ. ದಪ್ಪ ಕೇಬಲ್ ಖರೀದಿಸುವ ಪ್ರಸ್ತಾವನೆ ಬಂದಾಗ ಈ ಜೋಡಣೆಯ ಸಾಧ್ಯತೆಯನ್ನು ಮೊದಲು ವಿಚಾರಿಸುವುದು ಒಳಿತು. 100 ವೋಲ್ಟ್ ಕೈಗೆ ತಗುಲಿದರೆ ಅಪಾಯವಾದ್ದರಿಂದ ಜೋಡಣೆಗಳನ್ನು ಬರಿದಾಗಿ ಬಿಡಬಾರದು. ಸ್ಪೀಕರ್‌ಗೆ ಸಾಮಾನ್ಯ ವಿದ್ಯುತ್ ತಂತಿಯನ್ನೇ ಬಳಸುವುದಾದರೆ ಐಎಸ್ 694 ಸಂಖ್ಯೆಯ ಐಎಸ್‌ಐ ಗುರುತು ಇರಬೇಕು. ಮೈಕಿನ ತಂತಿ ಮಾತ್ರ ಬೇರೆಯೇ. ಅದು ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಬಗೆಯದ್ದಾಗಿ, ಆಂಪ್ಲಿಫೈಯರ್‌ನಲ್ಲಿಯೂ ಅದೇ ಬಗೆಯ ಜೋಡಣೆ ಇದ್ದರೆ 50 ಮೀಟರ್ ದೂರದಲ್ಲೂ ‘ಗುಂಯ್’ ಶಬ್ದ ಸೇರುವುದಿಲ್ಲ.

ಖರೀದಿಯ ಮಾರ್ಗಕ್ಕೆ ಬಂದರೆ, ಸರ್ಕಾರಿ ಸಂಸ್ಥೆಗಳಿಗೆಂದು 2016ರಲ್ಲಿ ಆರಂಭವಾದ ಜೆಮ್ ಪೋರ್ಟಲ್ ಪಂಚಾಯಿತಿಗಳಿಗೂ ತೆರೆದಿದೆ. 2023ರ ಏಪ್ರಿಲ್ 24ರ ರಾಷ್ಟ್ರೀಯ ಪಂಚಾಯತ್ ರಾಜ್ ದಿನದಂದು ಇ-ಗ್ರಾಮ್‌ಸ್ವರಾಜ್ ತಂತ್ರಾಂಶದೊಂದಿಗೆ ಅದರ ಜೋಡಣೆಗೆ ಚಾಲನೆ ನೀಡಲಾಗಿದೆ. ಇಲ್ಲಿ ಮುಂಗಡ ಪಾವತಿಸಬೇಕಾಗಿಲ್ಲ. ಸರಕು ಸ್ವೀಕರಿಸಿ ಪ್ರಮಾಣಪತ್ರ ನೀಡಿದ ಬಳಿಕ ಹಣ ಸಂದಾಯವಾಗುತ್ತದೆ. ಸಾರ್ವಜನಿಕರು ಬಳಸುವ ಸಾಮಾನ್ಯ ಜಾಲತಾಣಗಳಲ್ಲಿ ದರ ಕೆಲವೊಮ್ಮೆ ಕಡಿಮೆ ಕಂಡರೂ ಮುಂಗಡ ಪಾವತಿ, ಸಿಬ್ಬಂದಿಯ ಸ್ವಂತ ಖಾತೆಯಿಂದ ಹಣ ತೆತ್ತು ನಂತರ ಮರುಪಾವತಿ ಕೇಳುವುದು, ಪಂಚಾಯಿತಿಯ ಹೆಸರಿಲ್ಲದ ಬಿಲ್ಲು ಇವೆಲ್ಲ ಲೆಕ್ಕಪರಿಶೋಧನೆಯ ಆಕ್ಷೇಪಣೆಗೆ ಎಡೆಮಾಡುತ್ತವೆ. ಅಲ್ಲಿನ ದರವನ್ನು ಹೋಲಿಕೆಗೆ ಮುದ್ರಿಸಿ ಕಡತದಲ್ಲಿ ಇರಿಸಿಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಹೋಲಿಸುವಾಗ ಶೇ 18 ಜಿಎಸ್‌ಟಿ ಸೇರಿದೆಯೇ ಎಂದು ನೋಡಬೇಕು. ಟೆಂಡರ್ ತಪ್ಪಿಸಲು ಒಂದೇ ಬೇಡಿಕೆಯನ್ನು ತುಂಡು ಮಾಡಿ ಖರೀದಿಸಲು ಅವಕಾಶವಿಲ್ಲ. ಹಾಗೆಯೇ 40 ಮೀಟರ್ ಕೆಲಸಕ್ಕೆ 305 ಮೀಟರ್ ಪೆಟ್ಟಿಗೆ ತರಿಸುವುದೂ ದುಂದು. ಮೇಜಿನಿಂದ ಮೇಜಿಗೆ 2 ಅಥವಾ 3 ಮೀಟರ್‌ನ ಸಿದ್ಧ ಪ್ಯಾಚ್ ಕಾರ್ಡ್‌ಗಳೇ ಅಗ್ಗ.

ಜೆಮ್‌ನಲ್ಲಿ ಸರಕು ತಲುಪಿದ ಮೇಲೆ ಪರಿಶೀಲಿಸಿ ಒಪ್ಪಲು ಅಥವಾ ತಿರಸ್ಕರಿಸಲು 10 ದಿನಗಳ ಕಾಲಾವಕಾಶವಿದೆ. ಪೆಟ್ಟಿಗೆ ಕಪಾಟು ಸೇರಿ, ತಂತಿ ಎಳೆಯುವವರು ಮುಂದಿನ ತಿಂಗಳು ಬಂದಾಗ ಸಿಸಿಎ ಎಂದು ತಿಳಿದರೆ ಹಿಂದಿರುಗಿಸುವ ದಾರಿ ಕಷ್ಟವಾಗುತ್ತದೆ. ಸರಕು ಬಂದ ವಾರದಲ್ಲೇ ಇಬ್ಬರು ಸದಸ್ಯರ ಸಮ್ಮುಖದಲ್ಲಿ ಪೆಟ್ಟಿಗೆ ತೂಗಿ, ತಂತಿ ಕೆರೆದು, ಕವಚದ ಮೇಲೆ ಮುದ್ರಿತವಾದ ಮೀಟರ್ ಸಂಖ್ಯೆಯ ಮೊದಲು ಮತ್ತು ಕೊನೆಯನ್ನು ಓದಿ ದಾಸ್ತಾನು ವಹಿಯಲ್ಲಿ ದಾಖಲಿಸತಕ್ಕದ್ದು. ಕತ್ತರಿಸಿದ ಒಂದು ಅಡಿ ತುಂಡನ್ನು ಬಿಲ್ಲಿನೊಂದಿಗೆ ಕಡತದಲ್ಲಿಯೇ ಲಗತ್ತಿಸಿಡಬಹುದು.